ಗೆರೆರೊ ಮೇಷ್ಟ್ರ ತಟ್ಟಾಟ ಕೊನೆಗೂ ನನ್ನ ಬೆರಳಿಗೆ ಹತ್ತಿತು

ಟೊರೊಂಟೊ ಪಕ್ಕದ ಮಿಸಿಸಾಗಾದ ನಮ್ಮ ಬೇಸ್‌ಮೆಂಟಿನಲ್ಲಿ, ಪಿಯಾನೊ ಮುಂದೆ, ಎಡಗೈಯಿಂದ ಬಲಗೈ ಬೆರಳು ತಟ್ಟುತ್ತಾ ಕೂತಿದ್ದೆ. ನನ್ನಾಕೆ ಇಣುಕಿ, "ಏನ್ರೀ, ಕೈ ಜೋಮು ಹಿಡೀತಾ?" ಅಂದಳು. ನನ್ನ ಹಾಗೇ ಪಿಯಾನೊ ಹೇಳಿಕೊಡುವ, ಗೊತ್ತಿರುವ ಟೀಚರ್‌ಗಳೂ ನಕ್ಕರು. ಬಾಕ್‌ನ ಎಫ್ ಮೇಜರ್ ಇನ್ವೆನ್ಷನ್ ಅನ್ನೋ ಪುಟ್ಟ ಪಿಯಾನೊ ಕೃತಿಯಲ್ಲಿ ಎರಡು ವರ್ಷ ನಿಮಿಷಕ್ಕೆ 72 ಬೀಟ್ ವೇಗದಲ್ಲೇ ಸಿಕ್ಕಿಕೊಂಡಿದ್ದವನು ಈಗ 100ರ ಹತ್ತಿರ ನುಡಿಸುತ್ತೇನೆ. ಈಗ ನಗಲಿ ನೋಡೋಣ.

ಇದು ಆಲ್ಬರ್ಟೊ ಗೆರೆರೊ ಅವರ ಪಾಠ. ಚಿಲಿಯಲ್ಲಿ ಹುಟ್ಟಿ 1918ರಲ್ಲಿ ಟೊರೊಂಟೊಗೆ ಬಂದವರು. 1959ರಲ್ಲಿ ತೀರಿಕೊಂಡದ್ದೂ ಅಲ್ಲೇ. ಬಾಕ್ ನುಡಿಸಿ ಹೆಸರಾದ ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಇವರ ಶಿಷ್ಯ. ಜಾನ್ ಬೆಕ್‌ವಿತ್, ಮರ್ರೇ ಶೇಫರ್ ಥರದ ಕೆನಡಾದ ದೊಡ್ಡ ಸಂಗೀತ ರಚನಕಾರರೂ ಇವರ ಹತ್ತಿರವೇ ಪಿಯಾನೊ ಕಲಿತರು. ಹೊರಗಿಂದ ಬಂದ ಒಬ್ಬ ಮೇಷ್ಟ್ರು ಇಷ್ಟು ಮಾಡಿದರು ಅಂತ ಹೇಳುವಾಗ ನನಗೂ ಸ್ವಲ್ಪ ಎದೆ ಉಬ್ಬುತ್ತದೆ. ನಾನೂ ಹೊರಗಿಂದ ಬಂದವನೇ ಅಲ್ವಾ?

ಮೊದಲು ಜೋರಾಗಿ ತಟ್ಟಿದೆ. ಮಣಿಕಟ್ಟು ಊದಿಕೊಂಡು, ಫಿಸಿಯೊಗೆ ಸುಮಾರು 350 ಡಾಲರ್ ಹೋಯಿತು. ಆಮೇಲೆ ಇಡೀ ಇನ್ವೆನ್ಷನ್ ಒಂದೇ ದಿನ ತಟ್ಟಲು ಹೋಗಿ ಕೆಟ್ಟೆ. ಈಗ ದಿನಕ್ಕೆ ಎರಡೇ ಬಾರ್, ಅಂದರೆ ತಾಳದ ಆವರ್ತದಂಥ ಎರಡು ತುಂಡು. ಬಲಗೈ ಸುಮ್ನೆ ಕೀ ಮೇಲೆ ಒರಗಿರಬೇಕು. ತಟ್ಟಿದರೆ ಕೀ ತಳ ಮುಟ್ಟಬೇಕು, ಬೆರಳು ತಾನಾಗಿ ಮೇಲೆ ಬರಬೇಕು. ನನ್ನ ಉಂಗುರ ಬೆರಳು ಮಾತ್ರ ಮಹಾ ಮೊಂಡು. ಎಡಗೈ ಹತ್ತಿರ ಬರುತ್ತಿದ್ದ ಹಾಗೆ ತಾನೇ ಮುಂಚೆ ಒತ್ತಿಬಿಡುತ್ತಿತ್ತು. ಮೂರು ವಾರ ಆದಮೇಲೆ, ಕಣ್ಣು ಮುಚ್ಚಿಕೊಂಡು ತಟ್ಟಿದಾಗ ಸುಮ್ಮನಾಯಿತು.

ಗೂಲ್ಡ್ ತಗ್ಗಿನಲ್ಲಿ ಕೂತು ನುಡಿಸಲಿ ಅಂತ ಅವರ ಅಪ್ಪ ಕುರ್ಚಿಯ ಕಾಲು ಕತ್ತರಿಸಿದರು ಅಂತ ನಾನೂ 40 ಡಾಲರ್ ಕುರ್ಚಿಗೆ ಗರಗಸ ಹಾಕಿದೆ. ಒಂದು ಕಾಲು ಗಿಡ್ಡ ಆಯಿತು. ಅದಕ್ಕೆ ಸಮ ಮಾಡಲು ಇನ್ನೊಂದು, ಆಮೇಲೆ ಮತ್ತೊಂದು. ಈಗ ಅದರ ಮೇಲೆ ಕೂತು ಮಗಳು ಶೂ ಹಾಕಿಕೊಳ್ಳುತ್ತಾಳೆ.

ಕರ್ನಾಟಕ ಸಂಗೀತವೂ ಕಲಿಯುವ ಮಕ್ಕಳಿಗೆ ಮಾಯಾಮಾಳವಗೌಳದ ಜಂಟಿ ವರಸೆ ತಟ್ಟಿಸಿ ನೋಡಿದೆ. ಒಂದೇ ಸ್ವರ ಎರಡು ಸಲ ಬರುತ್ತದಲ್ಲ, ಬೆರಳು ಪುಟಿಯೋದು ಬೇಗ ಹತ್ತುತ್ತದೆ. ಆದರೆ ಸ ಅನ್ನು ಸಿ ಕೀ ಮೇಲೆ ಇಟ್ಟುಕೊಂಡರೆ ರಿ, ದ ಕಪ್ಪು ಕೀ. ಅಲ್ಲಿ ತಟ್ಟುವ ಕೈಯೇ ಜಾರುತ್ತದೆ. ಇನ್ನೂ ದಾರಿ ಹುಡುಕುತ್ತಿದ್ದೇನೆ. ಈ ನಡುವೆ "ಹಾಡು ಯಾವಾಗ ಹೇಳಿಕೊಡ್ತೀರಿ?" ಅಂತ ಕೇಳಿ ಇಬ್ಬರು ಬಿಟ್ಟುಹೋದರು. ತಿಂಗಳಿಗೆ 280 ಡಾಲರ್ ಖೋತಾ.

ನಕ್ಕ ಟೀಚರ್ ಒಬ್ಬರು ಮೊನ್ನೆ ಫೋನ್ ಮಾಡಿ, ಹೆಬ್ಬೆರಳನ್ನು ಎಲ್ಲಿ ತಟ್ಟಬೇಕು ಅಂತ ಕೇಳಿದರು. ಅದನ್ನು ಅವರಿಗೂ ಹೇಳಲಿಲ್ಲ, ಇಲ್ಲೂ ಬರೆಯಲ್ಲ. ಅರ್ಧ ಗಂಟೆಗೆ 35 ಡಾಲರ್ ತಗೊಳ್ಳೋದು ಮತ್ತೆ ಯಾತಕ್ಕೆ?