ಬಂಡೆ ಬಿದ್ದು ಹರಿದ ಲೆದರ್ ಕೋರಲ್ ಮತ್ತೆ ಅರಳಿದ್ದು: ನನ್ನ ಅನುಭವ

ಮೇ ತಿಂಗಳ ಮಳೆ ಬೆಂಗಳೂರಲ್ಲಿ ಹೇಗೆ ಬರುತ್ತೆ ಅಂತ ಎಲ್ರಿಗೂ ಗೊತ್ತು, ಗಾಳಿ ಶುರುವಾದ ಐದು ನಿಮಿಷಕ್ಕೆ ಕರೆಂಟ್ ಹೋಗುತ್ತೆ, ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದಿರುತ್ತೆ. ಅವತ್ತು ಹನುಮಂತನಗರದ ನಮ್ಮನೇಲಿ ರಾತ್ರಿ 9.30ಕ್ಕೆ ಹೋದ ಕರೆಂಟ್ ವಾಪಸ್ ಬಂದಿದ್ದು ಬೆಳಗಿನ ಜಾವ ನಾಲ್ಕಕ್ಕೆ. ನನ್ನ ಉಪ್ಪುನೀರಿನ ಅಕ್ವೇರಿಯಂಗೆ ಬ್ಯಾಟರಿ ಏರ್ ಪಂಪ್ ಹಾಕಿ ಮಲ್ಕೊಂಡಿದ್ದೆ, ಹಾಗಾಗಿ ಮೀನುಗಳಿಗೆ ಏನೂ ಆಗಿಲ್ಲ. ಆದ್ರೆ ಕರೆಂಟ್ ಬಂದ ತಕ್ಷಣ ವೇವ್‌ಮೇಕರ್ (ನೀರಲ್ಲಿ ಅಲೆ ಎಬ್ಬಿಸೋ ಪಂಪ್) ಫುಲ್ ಸ್ಪೀಡಲ್ಲಿ ಶುರುವಾಗಿ ಮೇಲಿದ್ದ ಒಂದು ಲೈವ್ ರಾಕ್ (ಸಣ್ಣ ಜೀವಿಗಳು ಮನೆ ಮಾಡಿರೋ ಕಲ್ಲು) ಜಾರಿ ಸೀದಾ ಲೆದರ್ ಕೋರಲ್ ಅನ್ನೋ ಮೆತ್ತನೆ ಹವಳದ ಮೇಲೆ ಬಿದ್ದಿದೆ. ನಾನು ನೋಡಿದ್ದು ಏಳು ಗಂಟೆಗೆ.

ಇದು ಟೋಡ್‌ಸ್ಟೂಲ್ ಲೆದರ್, ಸಾರ್ಕೊಫೈಟನ್ ಅಂತಾರೆ, ಅಣಬೆ ಥರ ಒಂದು ದಪ್ಪ ಕಾಂಡ, ಮೇಲೆ ಛತ್ರಿ, ಛತ್ರಿ ತುಂಬಾ ಸಣ್ಣ ಸಣ್ಣ ಪಾಲಿಪ್‌ಗಳು (ಹೂವಿನ ಥರ ಅರಳೋ ಹವಳದ ಪುಟ್ಟ ಜೀವಿಗಳು), ಒಂದೊಂದಕ್ಕೂ ಎಂಟು ಎಳೆ. ರಾಜಾಜಿನಗರದ ಒಬ್ರು ಅಣ್ಣ ಅವರ ಟ್ಯಾಂಕಲ್ಲೇ ಬೆಳೆದಿದ್ದನ್ನ ಕಟ್ ಮಾಡಿ ಎರಡು ಬೆರಳಷ್ಟು ತುಂಡು ಕೊಟ್ಟಿದ್ರು, ಮೂರು ವರ್ಷದಲ್ಲಿ 14 ಸೆಂಟಿಮೀಟರ್ ಅಗಲ ಆಗಿತ್ತು. ನಾನು ಇಂಥ ಸಾಫ್ಟ್ ಕೋರಲ್ (ಮೆತ್ತನೆ ಹವಳ) ಬಿಟ್ಟು ಬೇರೆ ಇಡಲ್ಲ, ಅದೂ ಯಾರದ್ದಾದ್ರೂ ಟ್ಯಾಂಕಲ್ಲಿ ಬೆಳೆದ ತುಂಡು ಮಾತ್ರ. ಗಟ್ಟಿ ಹವಳಗಳೆಲ್ಲ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿವೆ, ಹುಲಿ ಇರೋದೂ ಅದ್ರಲ್ಲೇ. ಯಾರಾದ್ರೂ ಕಡಿಮೆ ದುಡ್ಡಿಗೆ ಕೊಡ್ತೀನಿ ಅಂದ್ರೂ ದಯವಿಟ್ಟು ತಗೋಬೇಡಿ.

ಬಂಡೆ ಎತ್ತಿದಾಗ ಛತ್ರಿಯ ಮೂರನೇ ಒಂದು ಭಾಗ ಜಜ್ಜಿಹೋಗಿತ್ತು, ಒಂದು ಕಡೆ ಹರಿದು ನೇತಾಡ್ತಿತ್ತು. ಅಮ್ಮ ಬಂದು ನೋಡಿ "ಏನೋ ಇದು ಹೀಗೆ ಮುದುಡ್ಕೊಂಡಿದೆ, ಹೋಗ್ಬಿಡ್ತೇನೋ" ಅಂದ್ರು, ನನ್ ಹತ್ರ ಉತ್ತರ ಇರ್ಲಿಲ್ಲ. ಗಾಯ ತಾನಾಗೇ ಮಾಯುತ್ತೆ ಅಂತ ಹಾಗೇ ಬಿಟ್ಟೆ, ಅದೇ ನಾನು ಮಾಡಿದ ತಪ್ಪು. ಮಾರನೇ ದಿನ ಜಜ್ಜಿದ ಜಾಗ ಬೂದಿ ಬಣ್ಣಕ್ಕೆ ತಿರುಗಿ ಅಂಚಲ್ಲಿ ಕಂದು ಲೋಳೆ ಬಂದಿತ್ತು, ಒಂದು ಸಿರಿಂಜಲ್ಲಿ ಸ್ವಲ್ಪ ಎಳೆದು ಮೂಗಿನ ಹತ್ರ ಹಿಡಿದ್ರೆ ಕೊಳೆತ ಮೊಟ್ಟೆ ವಾಸನೆ. ರಾಜಾಜಿನಗರದ ಅಣ್ಣಂಗೆ ಫೋಟೋ ಕಳಿಸಿ ಫೋನ್ ಮಾಡ್ದೆ. "ಕೊಳೆತಿದ್ದನ್ನ ಇವತ್ತೇ ಕತ್ತರಿಸಿ ತೆಗಿಯೋ, ನಾಳೆ ಅಂದ್ರೆ ಕಾಂಡಕ್ಕೆ ಇಳಿಯುತ್ತೆ" ಅಂದ್ರು.

ಕತ್ತರಿಸೋ ಕೆಲಸ ಟ್ಯಾಂಕ್ ಒಳಗೆ ಮಾಡ್ಲೇಬೇಡಿ. ಲೆದರ್ ಕೋರಲ್ ಮೈಯಲ್ಲಿ ಟರ್ಪೀನ್ ಅನ್ನೋ ರಾಸಾಯನಿಕ ಇರುತ್ತೆ, ಸಮುದ್ರದಲ್ಲಿ ಅಕ್ಕಪಕ್ಕದ ಹವಳ ತನ್ನ ಮೇಲೆ ಬೆಳೀದೆ ಇರ್ಲಿ ಅಂತ ಅದು ಬಿಡೋದೇ ಇದನ್ನ, ಗಾಯ ಆದಾಗ ಇನ್ನೂ ಜಾಸ್ತಿ ಬಿಡುತ್ತೆ, 150 ಲೀಟರಿನ ಡಬ್ಬದಲ್ಲಿ ಅದು ಎಲ್ಲಿಗೆ ಹೋಗ್ಬೇಕು ಹೇಳಿ. ಹಾಗಾಗಿ ಕೋರಲ್ ಕೂತಿದ್ದ ಕಲ್ಲಿನ ಸಮೇತ ಒಂದು ಟಬ್ಬಿಗೆ ಟ್ಯಾಂಕಿನ ನೀರಲ್ಲೇ ಶಿಫ್ಟ್ ಮಾಡ್ದೆ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಹೊಸ ಸರ್ಜಿಕಲ್ ಬ್ಲೇಡ್ ತಗೊಂಡು, ಬೂದಿ ಬಣ್ಣ ಎಲ್ಲಿ ಮುಗಿಯುತ್ತೋ ಅಲ್ಲಿಗಲ್ಲ, ಅಲ್ಲಿಂದ ಒಂದು ಸೆಂಟಿಮೀಟರ್ ಒಳಗೆ ಚೆನ್ನಾಗಿರೋ ಮಾಂಸದಲ್ಲೇ ಇಟ್ಟು ಎಳೆದೆ. ಮೆತ್ತಗಿರುತ್ತೆ ಅನ್ಕೊಂಡಿದ್ದೆ, ಆದ್ರೆ ಸೀಬೆಕಾಯಿ ಬೀಜ ಹಲ್ಲಿಗೆ ಸಿಕ್ಕ ಹಾಗೆ ಬ್ಲೇಡ್ ಕೆಳಗೆ ಕರಕರ ಅಂತು. ಅದು ಸ್ಕ್ಲೆರೈಟ್, ಸಾಫ್ಟ್ ಕೋರಲ್‌ಗೆ ಗಟ್ಟಿ ಅಸ್ಥಿಪಂಜರ ಇಲ್ಲ, ಅದ್ರ ಬದಲು ಮೈ ತುಂಬಾ ಸುಣ್ಣದ ಸಣ್ಣ ಸಣ್ಣ ಹರಳು. ಒಳಗೆ ಬೆಳ್ಳಗೆ ಬಿಗಿಯಾಗಿತ್ತು, ವಾಸನೆ ಇರ್ಲಿಲ್ಲ, ಅದನ್ನ ನೋಡಿದ್ಮೇಲೇ ನಂಗೆ ಉಸಿರು ಬಂದಿದ್ದು. ಕತ್ತರಿಸೋವಾಗ ಕೈ ಹಿಡಿಬೇಡಿ, ಪಾಪ ಅಂತ ಅಂಚಲ್ಲಿ ಒಂಚೂರು ಕೊಳೆತಿದ್ದು ಉಳಿಸಿದ್ರೆ ಅಲ್ಲಿಂದ್ಲೇ ಮತ್ತೆ ಶುರುವಾಗುತ್ತೆ.

ಆಮೇಲೆ ಲೂಗೋಲ್ ಅಯೋಡಿನ್ ಡಿಪ್, ಅಂದ್ರೆ ಗಾಯದ ಕ್ರಿಮಿ ಸಾಯ್ಲಿ ಅಂತ ಅಯೋಡಿನ್ ದ್ರಾವಣದಲ್ಲಿ ಅದ್ದೋದು. ಬೇರೆ ಬಕೆಟ್ಟಲ್ಲಿ ಟ್ಯಾಂಕ್ ನೀರು ತಗೊಂಡು ತಿಳಿ ಟೀ ಬಣ್ಣ ಬರೋವರೆಗೆ ಹನಿ ಹನಿಯಾಗಿ ಹಾಕಿ, ಹತ್ತು ನಿಮಿಷ ಇಟ್ಟು, ಬೇರೆ ಉಪ್ಪುನೀರಲ್ಲಿ ಜಾಲಿಸಿ ವಾಪಸ್ ಟ್ಯಾಂಕಿಗೆ. ಮೆಡಿಕಲ್ ಶಾಪಲ್ಲಿ ಸಿಗೋ ಅಯೋಡಿನ್ ಸ್ಕ್ರಬ್ ಬಳಸ್ಬೇಡಿ, ಅದ್ರಲ್ಲಿ ಸೋಪಿನ ಅಂಶ ಇರುತ್ತೆ.

ಕತ್ತರಿಸಿದ ಭಾಗದ ಹೊರ ಅಂಚಲ್ಲಿ ಬಂಡೆ ತಾಗದ ಮೂರು ತುಂಡು ಚೆನ್ನಾಗೇ ಇದ್ವು, ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಸೂಪರ್ ಗ್ಲೂ ಇದಕ್ಕೆ ನಿಲ್ಲಲ್ಲ, ಮೈಯೆಲ್ಲ ಲೋಳೆ, ರಾತ್ರಿ ಅಂಟಿಸಿದ್ರೆ ಬೆಳಿಗ್ಗೆ ತೇಲ್ತಿರುತ್ತೆ. ಸಣ್ಣ ಪ್ಲಾಸ್ಟಿಕ್ ಬಟ್ಟಲಿಗೆ ಒಡೆದ ಲೈವ್ ರಾಕ್ ಚೂರು ತುಂಬಿ, ಅದ್ರ ಮೇಲೆ ತುಂಡು ಇಟ್ಟು, ಹಳೇ ಸೊಳ್ಳೆಪರದೆ ಬಟ್ಟೆ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕ್ದೆ. ಬಟ್ಟೆ ಸಡಿಲವಾಗಿರ್ಬೇಕು, ಬಿಗಿ ಮಾಡಿದ್ರೆ ಕೆಳಗೆ ನೀರಾಡದೆ ಲೋಳೆ ಕೂತು ಕೊಳೆಯುತ್ತೆ. ನನ್ನ ಮೂರರಲ್ಲಿ ಒಂದು ಹಾಗೇ ಹೋಯ್ತು, ಉಳಿದೆರಡು 12ನೇ ದಿನಕ್ಕೆ ಚೂರುಗಳನ್ನ ಕಚ್ಕೊಂಡಿದ್ವು.

ನೀರಿನ ವಿಷಯ. ಅವತ್ತೇ 20% ನೀರು ಬದಲಾಯಿಸಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕ್ದೆ, ಆ ಟರ್ಪೀನ್‌ಗಳನ್ನ ಹೀರ್ಕೊಳ್ಳೋದು ಅದೇ, ನಾಲ್ಕನೇ ದಿನ ಅದನ್ನೂ ಬದಲಾಯಿಸಿದೆ. ನಮ್ಮ ಬೋರ್ ನೀರಲ್ಲಿ ಟಿಡಿಎಸ್ (ಕರಗಿರೋ ಲವಣಾಂಶ) 600 ದಾಟುತ್ತೆ, ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ, ಎರಡನ್ನೂ ಸೀದಾ ಬಳಸಲ್ಲ, ಆರ್‌ಒ ಡಿಐ ಫಿಲ್ಟರಲ್ಲಿ ಸೋಸಿ ಟಿಡಿಎಸ್ ಮೀಟರಲ್ಲಿ ಸೊನ್ನೆ ಬಂದ ನೀರಿಗೇ ಉಪ್ಪು ಕಲಸೋದು. ಸಲೈನಿಟಿ, ಅಂದ್ರೆ ಉಪ್ಪಿನಂಶ, ಸ್ಪೆಸಿಫಿಕ್ ಗ್ರಾವಿಟಿ ಲೆಕ್ಕದಲ್ಲಿ 1.025, ಆಲ್ಕಲಿನಿಟಿ 8.5 ಡಿಕೆಎಚ್, ನೈಟ್ರೇಟ್ 10 ಪಿಪಿಎಂ ಆಸುಪಾಸು, ಸಾಫ್ಟ್ ಕೋರಲ್‌ಗೆ ಪೋಷಕಾಂಶ ತೀರಾ ಏನೂ ಇಲ್ಲದ ನೀರು ಒಗ್ಗಲ್ಲ. ಮೇ ಸೆಕೆಗೆ ಟ್ಯಾಂಕ್ 29 ಡಿಗ್ರಿ ಮುಟ್ಟುತ್ತಿತ್ತು, ನೀರಿನ ಮೇಲೆ ಎರಡು ಸಣ್ಣ ಫ್ಯಾನ್ ಇಟ್ಟು 26ಕ್ಕೆ ಇಳಿಸಿದೆ. ಫ್ಯಾನ್ ಇಟ್ರೆ ದಿನಕ್ಕೆ ಮೂರು ಲೀಟರ್ ಆವಿಯಾಗುತ್ತೆ, ಉಪ್ಪು ಮಾತ್ರ ಒಳಗೇ ಉಳಿಯುತ್ತೆ, ಹಾಗಾಗಿ ಟಾಪಪ್ ಮಾಡೋದು ಸಿಹಿನೀರು, ಉಪ್ಪುನೀರಲ್ಲ.

ಇಷ್ಟಾದ್ಮೇಲೆ ಕೈ ಕಟ್ಕೊಂಡು ಕೂರೋದೇ ದೊಡ್ಡ ಕಷ್ಟ, ಮೊದಲ ವಾರ ಒಂದೇ ಒಂದು ಪಾಲಿಪ್ ಆಚೆ ಬರ್ಲಿಲ್ಲ, ಛತ್ರಿ ಒಣಗಿದ ನಿಂಬೆಸಿಪ್ಪೆ ಥರ ಸುಕ್ಕಾಗಿತ್ತು, ಬೆಳಕು ಜಾಸ್ತಿಯಾಯ್ತಾ, ಫ್ಲೋ ಕಮ್ಮಿಯಾಯ್ತಾ, ಜಾಗ ಬದಲಾಯಿಸ್ಲಾ ಅಂತ ದಿನಕ್ಕೆ ಹತ್ತು ಸಲ ಅನ್ನಿಸೋದು. ಲೈಟ್ ಒಂದೇ ಸಲ ಸ್ವಲ್ಪ ಇಳಿಸಿ ಅಲ್ಲಿಗೇ ಬಿಟ್ಟೆ, ಜಾಗ ಬದಲಾಯಿಸ್ಲಿಲ್ಲ. ಪ್ರತೀ ಸಲ ಕದಲಿಸಿದಾಗ ಅದು ಹೊಸದಾಗಿ ಹೊಂದ್ಕೊಳ್ಬೇಕು, ಗಾಯಕ್ಕೆ ಹೋಗ್ಬೇಕಾದ ಶಕ್ತಿ ಅದಕ್ಕೇ ಖರ್ಚಾಗುತ್ತೆ. 9ನೇ ದಿನ ಮೈಮೇಲೆಲ್ಲ ಮೇಣ ಬಳಿದ ಹಾಗೆ ಹೊಳಪಿನ ಪದರ ಬಂತು. ಇದನ್ನ ನೋಡಿ ಸತ್ತೋಯ್ತು ಅಂತ ಕಿತ್ತು ಬಿಸಾಕಿದವರು ನಂಗೇ ಇಬ್ರು ಗೊತ್ತು. ಲೆದರ್ ಕೋರಲ್ ಆಗಾಗ ಹೀಗೆ ಪೊರೆ ಬಿಡುತ್ತೆ, ಮೇಲೆ ಕೂತ ಪಾಚಿ, ಕಸ ಎಲ್ಲ ಅದ್ರ ಜೊತೆ ಹೋಗುತ್ತೆ. ಪೊರೆ ಬಿಡೋವಾಗ ಮೈ ಗಟ್ಟಿಯಾಗಿರುತ್ತೆ, ಕೆಟ್ಟ ವಾಸನೆ ಇರಲ್ಲ. ಮುಟ್ಟಿದ್ರೆ ಕರಗೋ ಹಾಗಿದ್ದು ವಾಸನೆ ಹೊಡೆದ್ರೆ ಆಗ ಮಾತ್ರ ಮತ್ತೆ ಬ್ಲೇಡ್. ಪೊರೆ ಕೈಯಲ್ಲಿ ಕೀಳಬೇಡಿ, ವೇವ್‌ಮೇಕರ್ ಸ್ವಲ್ಪ ಓರೆಯಾಗಿ ತಿರುಗಿಸಿ ನೀರು ನೇರ ಬಡಿಯದೆ ಸವರ್ಕೊಂಡು ಹೋಗೋ ಹಾಗೆ ಮಾಡಿದೆ, 13ನೇ ದಿನಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಥರ ಎದ್ದು ಹೋಯ್ತು.

17ನೇ ದಿನ ರಾತ್ರಿ ಲೈಟ್ ಆಫ್ ಮಾಡೋಕೆ ಹೋದಾಗ ಗಾಯ ಇಲ್ಲದ ಕಡೆ ಅಂಚಲ್ಲಿ ಏಳೆಂಟು ಪಾಲಿಪ್ ಅರ್ಧ ಮಿಲಿಮೀಟರ್ ಅಷ್ಟು ಇಣುಕ್ತಿದ್ವು, ಅಮ್ಮನ್ನ ಎಬ್ಬಿಸಿ ತೋರಿಸಿದೆ. ಒಂದು ತಿಂಗಳಿಗೆ ಛತ್ರಿ ತುಂಬಾ ಬಂದ್ವು. ಕತ್ತರಿಸಿದ ಅಂಚು ಮೊದಲು ಬೆಳ್ಳಗೆ ಚೂಪಾಗಿತ್ತು, ಆಮೇಲೆ ದುಂಡಗಾಗಿ ಒಳಕ್ಕೆ ಮಡಚ್ಕೊಂಡು ಕಂದು ಬಣ್ಣ ಬಂತು, ಅಂದ್ರೆ ಅದ್ರೊಳಗೆ ಬದುಕೋ ಪಾಚಿ ಅಲ್ಲಿಗೂ ಹರಡಿದೆ ಅಂತ. ಈಗ ಐದು ತಿಂಗಳಾಯ್ತು, ಒಂದು ತುತ್ತು ಮುರಿದ ಹೋಳಿಗೆ ಥರ ಆಕಾರ, ಆ ಮುರಿದ ಜಾಗದಲ್ಲೂ ಪಾಲಿಪ್ ಬಂದಿದೆ, ಉಳಿದವಕ್ಕಿಂತ ಗಿಡ್ಡ ಅಷ್ಟೇ.

ಬಂಡೆ ಯಾಕೆ ಬಿತ್ತು ಅಂತ ಆಮೇಲೆ ನೋಡಿದ್ರೆ, ನಾನು ಅದ್ರ ಕೆಳಗಿನ ಕಲ್ಲನ್ನ ಮರಳಿನ ಮೇಲೆ ಕೂರಿಸಿದ್ದೆ, ಟ್ಯಾಂಕಲ್ಲಿದ್ದ ಪಿಸ್ತೂಲ್ ಸೀಗಡಿ ಅದ್ರಡಿ ಬಿಲ ತೋಡಿತ್ತು. ಈಗ ಕಲ್ಲುಗಳೆಲ್ಲ ಸೀದಾ ತಳದ ಗಾಜಿನ ಮೇಲೆ, ಆಮೇಲೆ ಸುತ್ತ ಮರಳು, ಮೇಲಿನದ್ದಕ್ಕೆ ಎಪಾಕ್ಸಿ ಅಂಟು. ಒಂದು ವೇವ್‌ಮೇಕರನ್ನ ಮನೆ ಯುಪಿಎಸ್‌ಗೆ ಕೊಟ್ಟಿದೀನಿ, ಕರೆಂಟ್ ವಾಪಸ್ ಬಂದಾಗ ಇನ್ನೊಂದು ನಿಧಾನಕ್ಕೆ ಸ್ಪೀಡ್ ಏರೋ ಹಾಗೆ ಸೆಟ್ ಮಾಡಿದೀನಿ.

ಉಳಿದ ಎರಡು ತುಂಡಲ್ಲಿ ದೊಡ್ಡದು ಈಗ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಪುಟ್ಟ ಅಣಬೆ. ಅಣ್ಣನ ಟ್ಯಾಂಕಲ್ಲಿದ್ದ ತಾಯಿ ಕೋರಲ್ ಹೋದ ವರ್ಷ ನೀರು ತಂಪು ಮಾಡೋ ಚಿಲ್ಲರ್ ಕೆಟ್ಟು ಸತ್ತೋಗಿತ್ತು, ಅವರ ಹತ್ರ ಈ ತಳಿ ಉಳಿದಿರ್ಲಿಲ್ಲ. ಹೋದ ಭಾನುವಾರ ಅರ್ಧ ನೀರು ಅರ್ಧ ಗಾಳಿ ತುಂಬಿದ ಕವರಲ್ಲಿ ಹಾಕಿ, ಥರ್ಮೋಕೋಲ್ ಬಾಕ್ಸಲ್ಲಿಟ್ಟು, ರಾಜಾಜಿನಗರಕ್ಕೆ ಹೋಗಿ ಕೊಟ್ಟು ಬಂದೆ.