ಬೀಗ ಬಿದ್ದ ದಿನದ ಫೋಟೊ ಯಾರು ತೆಗೆಯುತ್ತಾರೆ?

ಶುದ್ಧ ಕುಡಿಯುವ ನೀರಿನ ಘಟಕದ ಉದ್ಘಾಟನೆಯ ಫೋಟೊ ಫೇಸ್‌ಬುಕ್‌ನಲ್ಲಿ ಬೇಕಾದಷ್ಟು ಸಿಗುತ್ತದೆ: ರಿಬ್ಬನ್, ಹಾರ, ಮೊದಲ ಲೋಟ ನೀರು. ಆರು ತಿಂಗಳ ನಂತರ ಅದರ ಬಾಗಿಲಿಗೆ ಬೀಗ ಬಿದ್ದರೆ ಆ ಫೋಟೊ ಎಲ್ಲಿಯೂ ಇರುವುದಿಲ್ಲ. ರಾಯಚೂರು ಜಿಲ್ಲೆಯಲ್ಲಿ ಪತ್ರಿಕೋದ್ಯಮ ಪಾಠ ಮಾಡುವ ನಾನು ಈ ಕಾರಣಕ್ಕೇ ವಿದ್ಯಾರ್ಥಿಗಳಿಗೆ ಮರುಚಿತ್ರಣ ಕಲಿಸುತ್ತೇನೆ. ಎಂದರೆ, ಒಂದೇ ಜಾಗವನ್ನು ವರ್ಷವರ್ಷವೂ ತೆಗೆಯುವುದು.

ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿ ವರದಿ 35 ಸೂಚಕಗಳನ್ನು ಇಟ್ಟುಕೊಂಡು ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ನಮ್ಮ ದೇವದುರ್ಗ ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿತ್ತು. ನಲ್ಲಿ ಹಾಕಿದ್ದು ಅಂಕಿಯಲ್ಲಿ ಸೇರಿಬಿಡುತ್ತದೆ. ನಲ್ಲಿಯ ಮುಂದೆ ಖಾಲಿ ಕೊಡಗಳ ಸಾಲು ಎಷ್ಟು ಉದ್ದ ಎಂಬುದಕ್ಕೆ ಫೋಟೊ ಬೇಕು.

ಮೊದಲು ನಿಲ್ಲುವ ಜಾಗ. ಮರವನ್ನು ಗುರುತಾಗಿ ನಂಬಬೇಡಿ, ಕಡಿಯುತ್ತಾರೆ. ವಿದ್ಯುತ್ ಕಂಬವೂ ಸರಿಯುತ್ತದೆ. ಕಿರುಸೇತುವೆಯ ಅಂಚು, ಗುಡಿಯ ಕಟ್ಟೆ ವಾಸಿ. ರಸ್ತೆಯ ನಡುವೆ ನಿಂತರೆ ಇನ್ನೊಂದು ತೊಡಕು: ಪ್ರತಿ ಡಾಂಬರಿಗೂ ರಸ್ತೆ ಏರುತ್ತದೆ, ಅದರೊಂದಿಗೆ ನಿಮ್ಮ ಕಣ್ಣೂ ಏರುತ್ತದೆ. ಮೊಬೈಲ್‌ನ ಜಿಪಿಎಸ್ ಕೆಲವು ಮೀಟರ್ ತಪ್ಪುವುದರಿಂದ ‘ಸೇತುವೆಯ ಎಡ ಮೂಲೆಯಿಂದ ನಾಲ್ಕು ಹೆಜ್ಜೆ’ ಎಂದು ನೋಟ್‌ಬುಕ್ಕಿನಲ್ಲಿಯೂ ಬರೆದುಕೊಳ್ಳಿ.

ಮರಳಿ ಹೋದಾಗ ಹಳೆಯ ಫೋಟೊದ ಪ್ರಿಂಟ್ ಕೈಯಲ್ಲಿರಲಿ. ಹತ್ತಿರದ ಒಂದು ಗೋಡೆ, ದೂರದ ಒಂದು ನೀರಿನ ಟ್ಯಾಂಕ್ ಆರಿಸಿಕೊಳ್ಳಿ. ಪ್ರಿಂಟಿನಲ್ಲಿ ಗೋಡೆಯ ಅಂಚು ಟ್ಯಾಂಕನ್ನು ಎಷ್ಟು ಮರೆಮಾಡಿದೆಯೋ ಈಗಲೂ ಅಷ್ಟೇ ಮರೆಮಾಡುವವರೆಗೆ ಅತ್ತಿತ್ತ ಸರಿಯಿರಿ. ಅಮೆರಿಕದಲ್ಲಿ ಛಾಯಾಗ್ರಾಹಕ ಮಾರ್ಕ್ ಕ್ಲೆಟ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ 19ನೇ ಶತಮಾನದ ಸರ್ವೆ ಫೋಟೊಗಳ ಜಾಗಗಳನ್ನು ಹುಡುಕಿ ಮತ್ತೆ ತೆಗೆದಾಗ ನೆಚ್ಚಿಕೊಂಡದ್ದೂ ಇಂಥ ಹೊಂದಿಕೆಯನ್ನೇ. ಜೂಮ್ ಮಾಡಬೇಡಿ, ಪ್ರತಿ ಬಾರಿಯೂ ಮೊಬೈಲ್‌ನ 1x ಲೆನ್ಸ್ ಸಾಕು.

ತಿಂಗಳು ಬದಲಾಗಬಾರದು. ನಮ್ಮಲ್ಲಿ ಇದು ಗಂಟೆಗಿಂತ ಮುಖ್ಯ. ಬೇಸಿಗೆಯಲ್ಲಿ ಅರ್ಧ ಓಣಿ ಬೆಂಗಳೂರಿಗೆ ಗುಳೆ ಹೋಗಿರುತ್ತದೆ. ಏಪ್ರಿಲ್‌ನ ಬೀಗ ಹಾಕಿದ ಮನೆಗಳ ಪಕ್ಕ ಸೆಪ್ಟೆಂಬರ್‌ನ ಭತ್ತದ ಹಸಿರನ್ನು ಇಟ್ಟು ‘ಅಭಿವೃದ್ಧಿ’ ಎಂದು ಶೀರ್ಷಿಕೆ ಕೊಡುವುದು ಸುಲಭದ ಸುಳ್ಳು. ಹಾಗೆ ಬರೆದ ಒಂದು ಪ್ರಬಂಧಕ್ಕೆ ನಾನೇ ಒಳ್ಳೆಯ ಅಂಕ ಕೊಟ್ಟಿದ್ದೆ, ತಿಂಗಳು ನೋಡದೆ.

ಫೈಲ್‌ಗಳ ವಿಷಯದಲ್ಲಿಯೂ ಪೆಟ್ಟು ತಿಂದಿದ್ದೇನೆ. ಒಂದು ವರ್ಷದ ಫೋಟೊಗಳನ್ನೆಲ್ಲ ಮೆಸೇಜಿಂಗ್ ಆ್ಯಪ್‌ನಲ್ಲಿ ತರಿಸಿಕೊಂಡೆ. ಬಂದವು ಕುಗ್ಗಿದ ಚಿತ್ರಗಳು; ಕ್ಯಾಮೆರಾ ಬರೆದಿಟ್ಟ ಸಮಯ, ಸ್ಥಳದ ವಿವರ ಒಂದರಲ್ಲಿಯೂ ಉಳಿದಿರಲಿಲ್ಲ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮೂಲ ಫೈಲ್ ಬರುತ್ತದೆ. ಇನ್ನೂ ವಾಸಿಯೆಂದರೆ ಕೇಬಲ್ ಹಾಕಿ ನಕಲು ಮಾಡಿಕೊಳ್ಳುವುದು.

ಎಲ್ಲರಿಗೂ ಸಿಗಲಿ ಎಂದಾದರೆ ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಸಂಗ್ರಹದ ಜಾಲತಾಣಕ್ಕೆ ಹಾಕಿ. ಅಲ್ಲಿನ ಪರವಾನಗಿಯಲ್ಲಿ ವ್ಯಾಪಾರಕ್ಕೆ ಬಳಸಲೂ ಅವಕಾಶವಿರುತ್ತದೆ. ಜಾಹೀರಾತಿನಲ್ಲಿ ತನ್ನ ಮುಖ ಬರಬಹುದು ಎಂದು ಕೊಡ ಹಿಡಿದು ನಿಂತ ಅಕ್ಕನಿಗೆ ಗೊತ್ತಿರುವುದಿಲ್ಲ. ಬಿಡಿಸಿ ಹೇಳಿ ಕೇಳಿ. ಆಕೆ ಬೇಡವೆಂದರೆ ಸಾಲು ಕರಗುವವರೆಗೆ ಕಾಯಬೇಡಿ, ಯಾರ ಮುಖವೂ ಕಾಣದಂತೆ ಸಾಲಿನ ಹಿಂದಿನಿಂದ ತೆಗೆಯಿರಿ.

ಪ್ರಿಂಟ್ ಎರಡು ಪ್ರತಿ ಒಯ್ಯಿರಿ. ಒಂದನ್ನು ಕಟ್ಟೆಯ ಮೇಲೆ ಕುಳಿತ ಹಿರಿಯರ ಕೈಗೆ ಕೊಟ್ಟರೆ, ಆ ಬೇವಿನ ಮರ ಯಾವಾಗ ಹೋಯಿತು, ಘಟಕದ ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಜಗಳವಾಡುತ್ತಲೇ ಹೇಳುತ್ತಾರೆ. ಅದನ್ನೂ ತಾರೀಖು ಹಾಕಿ ಬರೆದುಕೊಳ್ಳಿ.