ಬೀಳುವ ಮಕ್ಕಳಿಗೊಂದು ಬಟ್ಟೆ

ಮರ ಹತ್ತುವ, ಗೋಡೆ ಹಾರುವ ಮಕ್ಕಳನ್ನು ತಡೆಯೋದು ನನ್ನ ಕೈಲಾಗುವ ಕೆಲಸ ಅಲ್ಲ. ಹಾಗಾಗಿ ಬಟ್ಟೆಗೇ ಒಂದಿಷ್ಟು ಬುದ್ಧಿ ಕೊಡೋಣ ಅಂತ ಹೊರಟೆ. ಸ್ಮಾರ್ಟ್ ಬಟ್ಟೆ ಅಂದ ಕೂಡಲೇ ಎಲ್ಲರೂ ಯಾವ ಸೆನ್ಸರ್, ಯಾವ ಆ್ಯಪ್ ಅಂತ ಕೇಳುತ್ತಾರೆ. ನಾನು ಮೊದಲು ಹರಡಿಕೊಂಡು ಕೂತಿದ್ದು ಮಗಳ ಹಳೇ ಪ್ಯಾಂಟುಗಳನ್ನು.

ಬಟ್ಟೆ ಎಲ್ಲಿ ಸವೆದಿದೆಯೋ ಪ್ಯಾಡ್ ಬೇಕಾದ್ದು ಅಲ್ಲೇ. ಪ್ಯಾಂಟನ್ನು ನೆಟ್ಟಗೆ ಹಿಡಿದರೆ ತೂತು ಮಂಡಿಚಿಪ್ಪಿಗಿಂತ ಕೊಂಚ ಕೆಳಗೆ ಬರುತ್ತಿತ್ತು. ಕಾಲು ಮಡಚಿದಾಗ ಬಟ್ಟೆ ಮೇಲಕ್ಕೆ ಸರಿಯುತ್ತೆ, ಅದಕ್ಕೇ. ನಿಲ್ಲಿಸಿ ಅಳತೆ ತೆಗೆದರೆ, ಬೀಳುವ ಹೊತ್ತಿಗೆ ಪ್ಯಾಡ್ ತೊಡೆಯ ಕಡೆ ಹೋಗಿರುತ್ತೆ. ಅವಳನ್ನು ಮಂಡಿಯೂರಿ ಕೂರಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೆ.

ಪ್ಯಾಡ್ ದಪ್ಪ ಆದರೆ ಮಕ್ಕಳು ಬಿಚ್ಚಿ ಎಸೆಯುತ್ತಾರೆ. ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಹಾಕಿದರೆ ಓಡೋಕಾಗಲ್ಲ. ನನಗೆ ಸರಿಹೊಂದಿದ್ದು ಡಿ3ಒ ಅನ್ನೋ ಪೆಟ್ಟು ಹೀರುವ ವಸ್ತುವಿನ ಜಾತಿಯ ಹಾಳೆ. ನಿಧಾನಕ್ಕೆ ಬಗ್ಗಿಸಿದರೆ ಮೆತ್ತಗೆ, ಫಟ್ಟಂತ ಪೆಟ್ಟು ಬಿದ್ದರೆ ಗಟ್ಟಿ. ನೀರಲ್ಲಿ ಮಂದವಾಗಿ ಕಲಸಿದ ಕಾರ್ನ್ ಫ್ಲೋರ್‌ಗೆ ಗುದ್ದಿ ನೋಡಿ, ಗೊತ್ತಾಗುತ್ತೆ. ಬೈಕ್ ಸವಾರರ ಕೈಕಾಲಿನ ಪ್ಯಾಡ್‌ಗಳನ್ನು ಯುರೋಪಿನ ಇಎನ್ 1621-1 ಮಾನದಂಡದಲ್ಲಿ 50 ಜೌಲ್ ಪೆಟ್ಟು ಕೊಟ್ಟು ಪರೀಕ್ಷಿಸುತ್ತಾರೆ. ಅಂದರೆ 5 ಕೆ.ಜಿ. ತೂಕ ಸುಮಾರು 1 ಮೀಟರ್ ಎತ್ತರದಿಂದ ಬಿದ್ದಷ್ಟು. ಲ್ಯಾಬಿನ ಯಂತ್ರ ನನ್ನ ಹತ್ತಿರ ಇರಲಿಲ್ಲ. ಪ್ಯಾಡ್ ಕೆಳಗೆ ಜೇಡಿಮಣ್ಣಿನ ಗಟ್ಟಿ ಇಟ್ಟು, ಮೇಲಿಂದ ತೂಕ ಬಿಟ್ಟು, ಮಣ್ಣಲ್ಲಿ ಬಿದ್ದ ಗುಳಿಯ ಆಳ ಅಳೆದೆ. ಇದರಿಂದ ಸರ್ಟಿಫಿಕೇಟ್ ಸಿಗಲ್ಲ, ನಿಜ. ಆದರೆ ಎರಡು ಪ್ಯಾಡ್‌ಗಳಲ್ಲಿ ಯಾವುದು ವಾಸಿ ಅಂತ ಹೇಳೋಕೆ ಸಾಕು.

ಆಮೇಲೆ ಎಲೆಕ್ಟ್ರಾನಿಕ್ಸ್. ಅದು ಬೀಳೋದನ್ನು ತಡೆಯಲ್ಲ, ಬಿದ್ದದ್ದನ್ನು ತಿಳಿಸುತ್ತೆ ಅಷ್ಟೇ. ಗಾಳಿಯಲ್ಲಿ ಬೀಳುವಾಗ ಆ್ಯಕ್ಸಿಲರೋಮೀಟರ್, ಅಂದರೆ ವೇಗದ ಏರಿಳಿತ ಅಳೆಯುವ ಸೆನ್ಸರ್, ಹತ್ತಿರ ಹತ್ತಿರ 0 ಜಿ ತೋರಿಸುತ್ತೆ (ಸುಮ್ಮನೆ ನಿಂತಾಗ 1 ಜಿ). 0.3 ಸೆಕೆಂಡ್ ಹಾಗೇ ಇದ್ದರೆ 44 ಸೆಂ.ಮೀ. ಬಿದ್ದಂಗೆ ಲೆಕ್ಕ. ತೊಂದರೆ ಏನಂದ್ರೆ, ಖುಷಿಗೆ ಕುಣಿದಾಗಲೂ ಅದು ಅದನ್ನೇ ತೋರಿಸುತ್ತೆ! ಅದಕ್ಕೆ ಮೂರು ಷರತ್ತು ಇಟ್ಟೆ: ಮೊದಲು ಸೊನ್ನೆ, ಆಮೇಲೆ ಜೋರು ಪೆಟ್ಟು, ಆಮೇಲೆ ಅಲುಗಾಟವೇ ಇಲ್ಲ. ಮೂರೂ ಸಾಲಾಗಿ ಬಂದರೆ ಮಾತ್ರ ಬೀಪ್. ಬಿದ್ದು ಎದ್ದು ಮತ್ತೆ ಓಡಿದವರ ಬಗ್ಗೆ ಸುಮ್ನೆ ಬೊಬ್ಬೆ ಹೊಡೆಯೋದು ಬೇಡ, ಅಲ್ವಾ? ಇಂಥ ಸೆನ್ಸರ್ ಇರುವ ಎಂಪಿಯು-6050 ಚಿಪ್ 16 ಜಿಗಿಂತ ಜಾಸ್ತಿ ಅಳೆಯಲ್ಲ. ಪೆಟ್ಟಿನ ಜೋರು ಎಷ್ಟು ಅಂತ ಬೇಕಿದ್ದರೆ 200 ಜಿ ತನಕ ಅಳೆಯುವ ಎಡಿಎಕ್ಸ್ಎಲ್375 ಚಿಪ್ ಹಾಕಿ.

ಬಟನ್ ಸೆಲ್ ಮಾತ್ರ ಬೇಡವೇ ಬೇಡ. ಮಕ್ಕಳು ನುಂಗಿದರೆ ಅನ್ನನಾಳ ಸುಡುತ್ತೆ. ನಾನು ಚಾರ್ಜ್ ಮಾಡುವ ಚಿಕ್ಕ ಬ್ಯಾಟರಿಯನ್ನು ಸ್ಕ್ರೂ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಎದೆಯ ಜೇಬಿನಲ್ಲಿ, ಹಿಂದೆ ಫೋಮ್ ಕೊಟ್ಟು ಇಟ್ಟೆ. ಬೆನ್ನುಮೂಳೆ ಮೇಲೆ ಗಟ್ಟಿ ವಸ್ತು ಇರಬಾರದು. ಡಬ್ಬಿ ಟಿಚ್ ಬಟನ್ನಿನಿಂದ ಕಳಚಿಕೊಳ್ಳುತ್ತೆ, ಬಟ್ಟೆ ಒಗೆಯಬಹುದು. ವಿದ್ಯುತ್ ಹರಿಯುವ ದಾರದಲ್ಲಿ ಬೆಳ್ಳಿ ಲೇಪದ್ದು ಒಗೆದಂತೆ ಸೊರಗುತ್ತೆ. ಸ್ಟೀಲ್ ದಾರ ಹೊಲಿಯೋಕೆ ಹಟಮಾರಿ, ಆದರೆ ಬಾಳಿಕೆ ಬರುತ್ತೆ.

ನನ್ನ ಮಟ್ಟಿಗೆ, ಸೇರಿಸಿದ್ದಕ್ಕಿಂತ ತೆಗೆದದ್ದೇ ಮುಖ್ಯ. ಕುತ್ತಿಗೆ ಹತ್ತಿರದ ಲಾಡಿ ಕೊಂಬೆಗೋ ಜಾರುಬಂಡಿಗೋ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತೆ. ಯುರೋಪಿನ ಇಎನ್ 14682 ಮಾನದಂಡ 7 ವರ್ಷದೊಳಗಿನವರ ಬಟ್ಟೆಗೆ ತಲೆ, ಕುತ್ತಿಗೆ ಭಾಗದಲ್ಲಿ ಲಾಡಿ ಬೇಡ ಅನ್ನುತ್ತೆ. ನಾನು ಅದಕ್ಕಿಂತ ದೊಡ್ಡ ಮಕ್ಕಳ ಬಟ್ಟೆಗೂ ಹಾಕಲ್ಲ. ಅಂಗಿಯ ಹಿಂದಿನ ಟೋಪಿಯನ್ನು ಟಿಚ್ ಬಟನ್ನಿಂದಲೇ ಕೂರಿಸಿದೆ, ಎಳೆದರೆ ಕಳಚಿ ಬರುತ್ತೆ. ಹೆಲ್ಮೆಟ್ ಕೂಡ ಸೈಕಲ್ಲಿಗೆ ಬೇಕೇ ಬೇಕು, ಆದರೆ ಮರ ಹತ್ತುವಾಗ ಅದರ ಪಟ್ಟಿಯೇ ಅಪಾಯ.

ಇನ್ನು ಉಳಿದದ್ದು ಮಕ್ಕಳು ಬೆಳೆಯುವ ಸಮಸ್ಯೆ. ಪ್ಯಾಡ್ ಜೇಬನ್ನು ಉದ್ದಕ್ಕೆ ಹೊಲಿದು ಒಳಗೆ ವೆಲ್ಕ್ರೋ ಕೊಟ್ಟಿದ್ದೇನೆ, ಕಾಲು ಉದ್ದ ಆದಂತೆ ಪ್ಯಾಡ್ ಕೆಳಗಿಳಿಸಬಹುದು. ಮೊಣಕೈಗೆ ಈ ಉಪಾಯ ನಡೆಯಲಿಲ್ಲ. ಅಲ್ಲಿ ತೋಳು ತಿರುಚಿದಾಗ ಪ್ಯಾಡ್ ಪಕ್ಕಕ್ಕೆ ಜಾರುತ್ತೆ, ಸದ್ಯಕ್ಕೆ ಒಳಗೊಂದು ಎಲಾಸ್ಟಿಕ್ ಪಟ್ಟಿ ಕೊಟ್ಟು ನೋಡುತ್ತಿದ್ದೇನೆ.